9 ಜಿ ಎಳೆತವನ್ನು ಹೆಣ್ಣುಮಕ್ಕಳ ದೇಹ ತಡೆಯುತ್ತಾ? ಅಳೆದು ನೋಡಿದವರು ಏನು ಹೇಳ್ತಾರೆ?

ಅನು_ಹಾಸನ
ಎಲ್ಲರಿಗೂ ನಮಸ್ಕಾರ. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ, ಏರ್‌ಫೋರ್ಸ್‌ನ ಎಎಫ್‌ಕ್ಯಾಟ್ ಪರೀಕ್ಷೆಗೆ ಓದುತ್ತಿದ್ದೇನೆ. ಫ್ಲೈಯಿಂಗ್ ಬ್ರಾಂಚ್ ಬೇಕು, ಅದರಲ್ಲೂ ಫೈಟರ್. ಅಪ್ಪ ಅಮ್ಮನದು ತಕರಾರಿಲ್ಲ. ಆದರೆ ಸೋದರಮಾವ ಸಿಕ್ಕಾಗೆಲ್ಲ ಒಂದೇ ಮಾತು: ಫೈಟರ್ ಜೋರಾಗಿ ತಿರುಗಿದರೆ ಮೈಮೇಲೆ ಒಂಬತ್ತು ಪಟ್ಟು ಭಾರ (ಅದೇ 9 ಜಿ) ಬೀಳುತ್ತೆ, ಹೆಣ್ಣುಮಕ್ಕಳಿಗೆ ಅದು ಆಗಲ್ಲ, ಮುಂದೆ ಮಕ್ಕಳಾಗೋದಕ್ಕೂ ತೊಂದರೆ. ನೆಟ್‌ನಲ್ಲಿ ಹುಡುಕಿದರೆ ಒಂದೋ ನಾರಿಶಕ್ತಿ ಭಾಷಣ, ಇಲ್ಲಾಂದ್ರೆ ಬೈಗುಳ. ಎರಡೂ ಬೇಡ. ಯಾರಾದರೂ ನಿಜವಾಗಿ ಅಳೆದಿದ್ದಾರಾ? ಅಳೆದಿದ್ದರೆ ಏನು ಬಂತು? ಗೊತ್ತಿರುವವರು ಹೇಳಿ.

ಗಿರೀಶ್_ತುಮಕೂರು
ಬೇಜಾರು ಮಾಡ್ಕೋಬೇಡಿ, ನಿಮ್ಮ ಮಾವ ಹೇಳಿದ್ದರಲ್ಲಿ ಸ್ವಲ್ಪ ಸತ್ಯ ಇದೆ. ಹೆಂಗಸರಿಗೆ ಸ್ನಾಯು ಕಡಿಮೆ, ಬಿಪಿ ಕಡಿಮೆ, ರಕ್ತದ ಪ್ರಮಾಣವೂ ಕಡಿಮೆ. ಇದು ಯಾರನ್ನೂ ಕೀಳು ಮಾಡೋ ಮಾತಲ್ಲ, ದೇಹ ಇರೋದೇ ಹಾಗೆ. 2014ರಲ್ಲಿ ನಮ್ಮ ವಾಯುಪಡೆಯ ಮುಖ್ಯಸ್ಥರಾಗಿದ್ದ ಅರೂಪ್ ರಾಹಾ ಅವರೇ, ಗಂಟೆಗಟ್ಟಲೆ ಫೈಟರ್ ಹಾರಿಸೋದಕ್ಕೆ ಮಹಿಳೆಯರ ದೇಹ ಹೊಂದೋದಿಲ್ಲ ಅನ್ನೋ ಅರ್ಥದಲ್ಲಿ ಹೇಳಿದ್ದರು. ಅವರಿಗಿಂತ ನಮಗೆ ಜಾಸ್ತಿ ಗೊತ್ತಾ?

ಕಡಲತಡಿ
ಅದೇ ರಾಹಾ ಅವರೇ 2015ರ ವಾಯುಪಡೆ ದಿನದಂದು ಫೈಟರ್‌ಗೆ ಮಹಿಳೆಯರನ್ನು ತಗೋತೀವಿ ಅಂತ ಹೇಳಿದ್ದು ಮರೆತ್ರಾ? 2016ರ ಜೂನ್ 18ಕ್ಕೆ ದುಂಡಿಗಲ್‌ನಲ್ಲಿ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಮೂವರೂ ಕಮಿಷನ್ ಆದರು. ಹಾಕ್ ವಿಮಾನದ ತರಬೇತಿ ನಡೆದಿದ್ದು ನಮ್ಮ ಬೀದರಿನಲ್ಲೇ. 2018ರ ಫೆಬ್ರವರಿಯಲ್ಲಿ ಅವನಿ ಒಬ್ಬರೇ ಮಿಗ್-21 ಹಾರಿಸಿದರು. ಅದೇ ವರ್ಷ ಚಿಕ್ಕಮಗಳೂರಿನ ಮೇಘನಾ ಶಾನಭೋಗ್ ಫೈಟರ್‌ಗೆ ಬಂದರು. ಆಗಲ್ಲ ಅನ್ನೋದನ್ನ ಆಗಿ ಎಷ್ಟೋ ವರ್ಷವಾಯ್ತು.

ಗಿರೀಶ್_ತುಮಕೂರು
ನಾಲ್ಕು ಜನ ಹಾರಿಸಿದರು ಅಂದ್ರೆ ಎಲ್ಲರ ದೇಹಕ್ಕೂ ಆಗುತ್ತೆ ಅಂತ ಅರ್ಥವಾ? ಅವರು ಕೇಳಿದ್ದು ಅಳತೆ. ನೀವು ಕೊಟ್ಟಿದ್ದು ಹೆಸರು.

ಮೈಸೂರು_ಡಾಕ್ಟರ್
ಗಿರೀಶ್ ಅವರು ಹೇಳಿದ್ದು ಸರಿಯಾಗೇ ಇದೆ, ಕೇಳಿದ್ದು ಅಳತೆ. ನಾನು ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡುವವಳು, ಪೈಲಟ್ ಅಲ್ಲ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ಮೊದಲು ಜಿ ಅಂದ್ರೆ ಏನು ಮಾಡುತ್ತೆ ನೋಡೋಣ. ಮನೆಯ ಮೋಟರು ಓವರ್‌ಹೆಡ್ ಟ್ಯಾಂಕಿಗೆ ನೀರು ಏರಿಸುವ ಹಾಗೆ ಹೃದಯ ಮೆದುಳಿಗೆ ರಕ್ತ ಏರಿಸುತ್ತೆ. ನಡುವಿನ ಎತ್ತರ ಸುಮಾರು 30 ಸೆಂ.ಮೀ. ಸುಮ್ನೆ ಕೂತಾಗ, ಅಂದ್ರೆ 1 ಜಿಯಲ್ಲಿ, ಆ ಎತ್ತರ ಏರುವಷ್ಟರಲ್ಲಿ ಒತ್ತಡ ಸುಮಾರು 22 ಮಿ.ಮೀ. (ಬಿಪಿ ಅಳೆಯೋ ಪಾದರಸದ ಲೆಕ್ಕ) ಕಡಿಮೆ ಆಗುತ್ತೆ. ಹೃದಯದ ಹತ್ತಿರ 120 ಇದ್ದರೆ ತಲೆಯಲ್ಲಿ 98, ಏನೂ ತೊಂದರೆ ಇಲ್ಲ. 5 ಜಿ ಬಂದರೆ? ರಕ್ತವೇ ಐದು ಪಟ್ಟು ಭಾರ. 22ನ್ನು ಐದರಿಂದ ಗುಣಿಸಿ, 110 ಹೋಯಿತು, ತಲೆಗೆ ಉಳಿದಿದ್ದು 10. ಅಷ್ಟರಲ್ಲಿ ಮೆದುಳು ಕೆಲಸ ಮಾಡಲ್ಲ.

ಮೆದುಳಿಗಿಂತ ಮೊದಲು ಕಣ್ಣು ಕೈ ಕೊಡುತ್ತೆ. ಕಣ್ಣಿನ ಒಳಗೇ ಸುಮಾರು 15 ಮಿ.ಮೀ. ಒತ್ತಡ ಇರುತ್ತೆ, ಅದನ್ನು ಮೀರಿ ರಕ್ತ ಒಳಗೆ ಹೋಗಬೇಕು. ಹಾಗಾಗಿ ಮೊದಲು ಬಣ್ಣ ಮಾಸುತ್ತೆ, ಪಕ್ಕದ ನೋಟ ಹೋಗಿ ಮಧ್ಯದ್ದು ಮಾತ್ರ ಉಳಿಯುತ್ತೆ, ಆಮೇಲೆ ಪೂರ್ತಿ ಕತ್ತಲೆ, ಆಮೇಲೆ ಪ್ರಜ್ಞೆ ತಪ್ಪುತ್ತೆ. ಪೈಲಟ್‌ಗಳು ಈ ಕೊನೆಯದನ್ನು ಜಿ-ಲಾಕ್ ಅಂತಾರೆ. ಜಿ ನಿಧಾನಕ್ಕೆ ಏರಿದರೆ ಕಣ್ಣು ಮುನ್ಸೂಚನೆ ಕೊಡುತ್ತೆ. ಆದರೆ ಈಗಿನ ಫೈಟರ್‌ಗಳಲ್ಲಿ ಜಿ ಕ್ಷಣದಲ್ಲಿ ಏರುತ್ತೆ. ಮೆದುಳಿನಲ್ಲಿ ಉಳಿದ ಆಮ್ಲಜನಕ ನಾಲ್ಕೈದು ಸೆಕೆಂಡ್ ನಡೆಸುತ್ತೆ. ಅದು ಮುಗಿದ ಕೂಡಲೇ ಕಣ್ಣು ಮಂಜಾಗದೆಯೇ ಪ್ರಜ್ಞೆ ಹೋಗಿಬಿಡಬಹುದು. ಒಮ್ಮೆ ಹೋದರೆ ಸುಮಾರು 12 ಸೆಕೆಂಡ್ ಏನೂ ಗೊತ್ತಾಗಲ್ಲ, ಎಚ್ಚರವಾದ ಮೇಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ನಾನೆಲ್ಲಿದ್ದೀನಿ ಅನ್ನೋದೇ ತಿಳಿಯಲ್ಲ. ಅಷ್ಟರಲ್ಲಿ ವಿಮಾನ ಐದಾರು ಕಿಲೋಮೀಟರ್ ಹೋಗಿರುತ್ತೆ, ಮೂಗು ಕೆಳಗಿದ್ದರೆ ನೆಲಕ್ಕೇ.

ಇದಿಷ್ಟೂ ಗಂಡಸಿಗೂ ಹೆಂಗಸಿಗೂ ಒಂದೇ. ವ್ಯತ್ಯಾಸ ಶುರುವಾಗೋದು ಎರಡು ಕಡೆ. ವಯಸ್ಸಿನ ಹುಡುಗಿಯರ ಬಿಪಿ ಸರಾಸರಿಯಲ್ಲಿ ಹುಡುಗರಿಗಿಂತ ಸ್ವಲ್ಪ ಕಡಿಮೆ. ಅದು ಅನನುಕೂಲ, ಗಿರೀಶ್ ಹೇಳಿದ್ದು ನಿಜ. ಆದರೆ ಹುಡುಗಿಯರ ಎತ್ತರವೂ ಕಡಿಮೆ, ಹೃದಯದಿಂದ ಕಣ್ಣಿಗೆ ಇರೋ ದಾರಿಯೂ ಕಡಿಮೆ. ಆ ದಾರಿ 3 ಸೆಂ.ಮೀ. ಗಿಡ್ಡ ಆದರೆ 5 ಜಿಯಲ್ಲಿ ಸುಮಾರು 11 ಮಿ.ಮೀ. ಒತ್ತಡ ಉಳಿತಾಯ. ಒಂದು ಕಡೆ ಕಳೆದಿದ್ದು ಇನ್ನೊಂದು ಕಡೆ ಬಂತು.

ಇದು ಲೆಕ್ಕ ಮಾತ್ರ ಅನ್ನಬೇಡಿ, ಅಳೆದೂ ಇದ್ದಾರೆ. ಅಮೆರಿಕದ ವಾಯುಪಡೆಯ ವೈದ್ಯರು 102 ಮಹಿಳೆಯರನ್ನೂ 139 ಗಂಡಸರನ್ನೂ ಸೆಂಟ್ರಿಫ್ಯೂಜ್‌ನಲ್ಲಿ, ಅಂದ್ರೆ ಗರಗರ ತಿರುಗಿಸಿ ಜಿ ಹುಟ್ಟಿಸೋ ಯಂತ್ರದಲ್ಲಿ, ಕೂರಿಸಿ ತಿರುಗಿಸಿದರು. ಗಿಲ್ಲಿಂಗ್‌ಹ್ಯಾಮ್ ಮತ್ತು ಅವರ ತಂಡ 1986ರಲ್ಲಿ ಪ್ರಕಟಿಸಿದ್ದು. ಮೈ ಸಡಿಲ ಬಿಟ್ಟಾಗಲೂ ಅಷ್ಟೇ, ಬಿಗಿ ಹಿಡಿದಾಗಲೂ ಅಷ್ಟೇ, ಎರಡೂ ಗುಂಪಿನ ನಡುವೆ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಸಿಗಲಿಲ್ಲ. ಎತ್ತರ ಜಾಸ್ತಿ ಆದಷ್ಟೂ ಸಹಿಷ್ಣುತೆ ಕಡಿಮೆ ಅನ್ನೋದು ಮಾತ್ರ ಗಟ್ಟಿಯಾಗಿ ಕಾಣಿಸಿತು. ಒಂದು ವಿಷಯ ಮುಚ್ಚಿಡಬಾರದು. ಒಂದೇ ಎತ್ತರದ ಗಂಡು ಹೆಣ್ಣನ್ನು ಎದುರುಬದುರು ಇಟ್ಟು ಹೋಲಿಸಿದಾಗ ಹೆಂಗಸರ ಸರಾಸರಿ ಕಡಿಮೆ ಬಂತು. ಆದರೂ ಅವರ ತೀರ್ಮಾನ ಏನು ಅಂದ್ರೆ, ಜಿ ತಡೆಯಲ್ಲ ಅನ್ನೋ ಕಾರಣಕ್ಕೆ ಹೆಂಗಸರನ್ನು ಒಟ್ಟಾಗಿ ಹೊರಗಿಡಬಾರದು.

ಗಿರೀಶ್_ತುಮಕೂರು
ಎತ್ತರ ಸಮ ಮಾಡಿದರೆ ಹೆಂಗಸರದು ಕಡಿಮೆ ಅಂತ ನೀವೇ ಬರೆದ್ರಲ್ಲ ಮೇಡಂ. ಅಲ್ಲಿಗೆ ನನ್ನ ಮಾತೇ ಸರಿ ಆಯ್ತಲ್ವಾ?

ಮೈಸೂರು_ಡಾಕ್ಟರ್
ಆಗಲಿಲ್ಲ. ಸೀಟಿನಲ್ಲಿ ಸರಾಸರಿ ಹೆಂಗಸು ಕೂರೋದಿಲ್ಲ, ಅನು ಕೂರ್ತಾಳೆ. ಅವಳ ಎತ್ತರ ಅವಳದು, ಅದನ್ನು ಕಾಗದದ ಮೇಲೆ ಗಂಡಸಿನಷ್ಟು ಮಾಡಿ ಹೋಲಿಸಿ ವಿಮಾನಕ್ಕೆ ಏನು ಉಪಯೋಗ? ನಿಮ್ಮ ತರ್ಕ ಹಿಡಿದರೆ ಆರಡಿ ಮೇಲಿನ ಗಂಡಸರನ್ನೆಲ್ಲ ಮೊದಲು ಹೊರಗಿಡಬೇಕು. ಎತ್ತರದವರಿಗೆ ಜಿ ಜಾಸ್ತಿ ಕಾಡುತ್ತೆ ಅಂತ ಅದೇ ಅಧ್ಯಯನ ಹೇಳುತ್ತೆ. ಯಾರೂ ಹಾಗೆ ಮಾಡಲ್ಲ. ಒಬ್ಬೊಬ್ಬರನ್ನೂ ಸೆಂಟ್ರಿಫ್ಯೂಜ್‌ನಲ್ಲಿ ಕೂರಿಸಿ ನೋಡ್ತಾರೆ. ನಮ್ಮ ದೇಶದಲ್ಲಿ ಆ ಕೆಲಸಕ್ಕೆ ಇರೋ ಜಾಗ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್, ಹಳೇ ಏರ್‌ಪೋರ್ಟ್ ಪಕ್ಕ. 1957ರಿಂದ ಇದೆ. ಗಗನಯಾನದ ಗಗನಯಾತ್ರಿಗಳನ್ನು ಆರಿಸಿದ್ದೂ ಅಲ್ಲೇ.

ಕಡಲತಡಿ
ಬ್ಯಾಡ್ಮಿಂಟನ್‌ನ ಪಿ.ವಿ. ಸಿಂಧು ತೇಜಸ್ ಫೈಟರ್‌ನಲ್ಲಿ ಹಾರಿದ್ದನ್ನ 2019ರ ಏರೋ ಇಂಡಿಯಾದಲ್ಲಿ ಯಲಹಂಕದಲ್ಲಿ ಕಣ್ಣಾರೆ ನೋಡಿದ್ದೇನೆ. ಪ್ರತಿಭಾ ಪಾಟೀಲ್ ಅವರಂತೂ 74ನೇ ವಯಸ್ಸಿನಲ್ಲಿ ಸುಖೋಯ್ ಹತ್ತಿದ್ದರು. ಇನ್ನೇನು ಬೇಕು ಸಾಕ್ಷಿ?

ನಿವೃತ್ತ_ಸಾರ್ಜೆಂಟ್
ತಂಗಿ, ಅದನ್ನ ಸಾಕ್ಷಿ ಮಾಡಬ್ಯಾಡ್ರಿ. ಗಣ್ಯರು ಬಂದಾಗ ವಿಮಾನ ಮೆತ್ತಗೆ ಹಾರಿಸ್ತಾರೆ. ರಾಷ್ಟ್ರಪತಿಗಳನ್ನ ಕೂರಿಸಿಕೊಂಡು ಯಾರೂ 8 ಜಿ ಎಳೆಯೋದಿಲ್ಲ. ಆ ಹಾರಾಟಕ್ಕೂ ಕಾದಾಟದ ಹಾರಾಟಕ್ಕೂ ಸಂಬಂಧ ಇಲ್ಲ.

ನಾನು ವಾಯುಪಡೆಯಲ್ಲಿ ಪೈಲಟ್‌ಗಳ ಸಾಮಾನು ನೋಡಿಕೊಳ್ಳೋ ಸೆಕ್ಷನ್‌ನಲ್ಲಿದ್ದವನು. ಹೆಲ್ಮೆಟ್, ಮಾಸ್ಕ್, ಜಿ-ಸೂಟ್ ಇವೇ ನಮ್ಮ ಬದುಕು. ಆ ಕಡೆಯ ಮಾತು ನಾನು ಹೇಳ್ತೀನಿ.

ಡಾಕ್ಟರ್ ಹೇಳಿದ ಲೆಕ್ಕದಲ್ಲಿ ಸುಮ್ನೆ ಕೂತವರು ಗಂಡಾಗಲಿ ಹೆಣ್ಣಾಗಲಿ ನಾಲ್ಕೂವರೆ ಐದು ಜಿಗೆ ಮಲಗಿಬಿಡ್ತಾರೆ. ಮತ್ತೆ 9 ಹೇಗೆ? ಜಿ-ಸೂಟು ಒಂದು, ಒಂದೂವರೆ ಜಿ ಕೊಡ್ತದೆ. ಪ್ಯಾಂಟಿನ ಮೇಲೆ ಹಾಕೋ ಇನ್ನೊಂದು ಪ್ಯಾಂಟು ಅಂದ್ಕೊಳ್ರಿ. ಅದರಲ್ಲಿ ಐದು ಗಾಳಿಚೀಲ: ಹೊಟ್ಟೆಗೆ ಒಂದು, ಎರಡು ತೊಡೆಗೆ ಎರಡು, ಮೀನಖಂಡಕ್ಕೆ ಎರಡು. ವಿಮಾನದಿಂದ ಒಂದು ಪೈಪು ಬರ್ತದೆ. ಜಿ ಏರಿದ ಕೂಡಲೆ ವಾಲ್ವ್ ತಾನೇ ತೆಗೆದುಕೊಂಡು ಗಾಳಿ ತುಂಬ್ತದೆ, ಕಾಲು ಹೊಟ್ಟೆ ಗಟ್ಟಿ ಹಿಂಡ್ತದೆ, ರಕ್ತ ಕೆಳಗೆ ಇಳಿಯೋದಕ್ಕೆ ಬಿಡೋದಿಲ್ಲ.

ಉಳಿದ ಮೂರು ಚಿಲ್ಲರೆ ಜಿ ಪೈಲಟ್ ತಾನೇ ದುಡೀಬೇಕು. ಕಾಲು, ಕುಂಡಿ, ಹೊಟ್ಟೆ ಎಲ್ಲಾ ಕಲ್ಲಿನಷ್ಟು ಬಿಗಿ. ಉಸಿರು ತುಂಬಿಕೊಂಡು ಗಂಟಲು ಮುಚ್ಚಿ ಎದೆಯಿಂದ ಒತ್ತಬೇಕು. ಸುಮಾರು ಮೂರು ಸೆಕೆಂಡಿಗೊಮ್ಮೆ ಚಕ್ಕನೆ ಉಸಿರು ಬದಲಿಸಬೇಕು, ಮತ್ತೆ ಒತ್ತಬೇಕು. ಜಿ ಬಂದ ಮೇಲೆ ಶುರು ಮಾಡಿದ್ರೆ ಆಟ ಮುಗೀತು, ಬರೋ ಮೊದಲೇ ಬಿಗಿ ಹಿಡಿದಿರಬೇಕು. ಇದು ತೋಳ್ಬಲದ ಕೆಲಸ ಅಲ್ಲ, ತಾಳ ತಪ್ಪದ ಕೆಲಸ. ಕಟ್ಟುಮಸ್ತಾದ ಹುಡುಗರು ಉಸಿರು ಹದ ತಪ್ಪಿ ಕಣ್ಣು ಕತ್ತಲೆ ಬಂದು ಇಳಿದಿದ್ದನ್ನ ನೋಡೀನಿ.

ಈಗ ಹೆಣ್ಣುಮಕ್ಕಳ ಮಾತು. ಸೂಟು ಹೊಲಿದಿದ್ದು ಗಂಡಸಿನ ಅಳತೆಗೆ. ಗಂಡಸಿಗೆ ಸೊಂಟಕ್ಕೂ ತೊಡೆಗೂ ಅಂಥ ಫರಕು ಇರೋದಿಲ್ಲ. ಹೆಣ್ಣುಮಕ್ಕಳಿಗೆ ಸೊಂಟ ಸಣ್ಣ, ಹಿಂಭಾಗ ತೊಡೆ ಅಗಲ. ತೊಡೆಗೆ ಸರಿಹೋಗೋ ಸೂಟು ಕೊಟ್ರೆ ಹೊಟ್ಟೆಯಲ್ಲಿ ಸಡಿಲ. ಹೊಟ್ಟೆಗೆ ಸರಿ ಮಾಡಿದ್ರೆ ತೊಡೆ ಏರೋದೇ ಇಲ್ಲ. ಉದ್ದ ಜಾಸ್ತಿ ಆದ್ರೆ ಹೊಟ್ಟೆ ಚೀಲ ಪಕ್ಕೆಲುಬಿಗೆ ಬಂದು ಒತ್ತಿ ಉಸಿರೇ ಕಟ್ತದೆ. ಪಕ್ಕದಲ್ಲಿ ಲಾಡಿ ಇರ್ತದೆ, ಎಳೆದು ಕಟ್ಟಬಹುದು, ಆದರೆ ಅದಕ್ಕೂ ಒಂದು ಮಿತಿ. ಸಡಿಲ ಸೂಟು ಗಾಳಿ ತುಂಬಿದ್ರೂ ಹಿಂಡೋದಿಲ್ಲ, ಸುಮ್ನೆ ಉಬ್ಬತದೆ. ಆಮೇಲೆ ಯಾರೋ ಬಂದು "ನೋಡಿ, ಹುಡುಗಿ ಜಿ ತಡೀಲಿಲ್ಲ" ಅಂತ ಬರೀತಾರೆ. ತಡೀಲಿಲ್ಲದ್ದು ಹುಡುಗಿಯೋ ಸೂಟೋ?

ಡೇಟನ್_ಕನ್ನಡಿಗ
ಸಾರ್ಜೆಂಟ್ ಸರ್, ನೂರಕ್ಕೆ ನೂರು. ನಾನಿರೋದು ಓಹಾಯೋದ ಡೇಟನ್‌ನಲ್ಲಿ, ರೈಟ್-ಪ್ಯಾಟರ್ಸನ್ ವಾಯುನೆಲೆ ಪಕ್ಕದಲ್ಲೇ. ಕೆಲಸ ಬ್ಯಾಂಕ್ ಸಾಫ್ಟ್‌ವೇರಿನದು, ವಿಮಾನದ ಹುಚ್ಚು ಮಾತ್ರ ಊರಿನಿಂದ ಅಂಟಿದ್ದು. ಅಮೆರಿಕದ ವಾಯುಪಡೆ ಇದೇ ಸೂಟಿನ ಸಮಸ್ಯೆ ನೋಡೋದಕ್ಕೆ 1990ರ ದಶಕದಲ್ಲಿ ಫೇಟ್ ಅನ್ನೋ ಯೋಜನೆ ಮಾಡಿತ್ತು, ಮಹಿಳೆಯರ ಜಿ ಸಹಿಷ್ಣುತೆ ಹೆಚ್ಚಿಸೋದಕ್ಕೆ. ಸೂಟಿನ ಅಳತೆ ತಿದ್ದಿ ಕೊಟ್ಟರೆ ವ್ಯತ್ಯಾಸ ಕಾಣುತ್ತೆ ಅನ್ನೋದೇ ಅದರ ಸಾರ. ಅಂದ್ರೆ ಪರಿಹಾರ ಟೈಲರಿಂಗ್!

ವಾಲಿ ಫಂಕ್ ಅನ್ನೋ ಅಜ್ಜಿ ಗೊತ್ತಿರಬಹುದು, 2021ರಲ್ಲಿ 82ನೇ ವಯಸ್ಸಿಗೆ ಬ್ಲೂ ಒರಿಜಿನ್ ರಾಕೆಟ್‌ನಲ್ಲಿ ಹೋಗಿ ಬಂದರಲ್ಲ, ಅವರೇ. 1960ರ ದಶಕದ ಶುರುವಿನಲ್ಲಿ ಬಾಹ್ಯಾಕಾಶಕ್ಕೆ ಹೋಗೋ ಆಸೆಯಿಂದ ಪರೀಕ್ಷೆಗಳನ್ನೆಲ್ಲ ಕೊಡ್ತಾ ಸೆಂಟ್ರಿಫ್ಯೂಜ್‌ಗೂ ಹೋದರು. ಮಿಲಿಟರಿಯ ಜಿ-ಸೂಟು ಅವರಿಗೆ ಸಿಗುವ ಹಾಗಿರಲಿಲ್ಲ. ಅಮ್ಮನ ಬಿಗಿ ಒಳಕವಚ, ಆಗಿನ ಹೆಂಗಸರು ಸೊಂಟ ಸಣ್ಣ ಕಾಣಲಿ ಅಂತ ಹಾಕ್ತಿದ್ದುದು, ಅದನ್ನೇ ತೊಟ್ಟುಕೊಂಡು ಕೂತರು. ನಗು ಬರುತ್ತೆ, ಆದ್ರೆ ತಲೆ ಓಡಿಸಿದ್ದು ಸರಿಯಾಗೇ ಇತ್ತು.

ಈಗ ಎಲ್ಲರೂ ಬಾಯಿ ಮುಚ್ಚಿಕೊಳ್ಳೋ ವಿಷಯ: ಮೂತ್ರ. ಗಂಡಸರಿಗೆ ಒಂದು ಚೀಲ, ಜಿಪ್ ತೆಗೆದರೆ ಆಯ್ತು. ಹೆಂಗಸರು ಸೀಟ್ ಬೆಲ್ಟ್ ಬಿಚ್ಚಿ, ಸೂಟು ಸರಿಸಿ, ಒಂದು ಕೈಯಲ್ಲಿ ವಿಮಾನ ಹಿಡಿದು ಇದನ್ನೆಲ್ಲ ಮಾಡಬೇಕು. ಹಾಗಾಗಿ ಎಷ್ಟೋ ಜನ ಏನು ಮಾಡ್ತಾರೆ ಅಂದ್ರೆ, ಹಾರೋದಕ್ಕೆ ಮೊದಲಿಂದಲೇ ನೀರು ಕುಡಿಯೋದು ಬಿಡ್ತಾರೆ. ನೀರು ಕಡಿಮೆ ಆದರೆ ರಕ್ತದ ಪ್ರಮಾಣ ಇಳಿಯುತ್ತೆ, ಜಿ ತಡೆಯೋ ಶಕ್ತಿಯೂ ಇಳಿಯುತ್ತೆ. ಪೈಲಟ್ ಜಿ ತಡೆಯಲಿಲ್ಲ ಅಂತ ಕಾಣೋದರ ಹಿಂದೆ ಟಾಯ್ಲೆಟ್ ಇಲ್ಲದ ಕಥೆ ಇರಬಹುದು. ಈಗ ಪಂಪ್ ಇರೋ ಸಾಧನಗಳು ಬಂದಿವೆ, ಬೆಲ್ಟ್ ಬಿಚ್ಚದೆಯೇ ಕೆಲಸ ಆಗುತ್ತೆ. ಬಂದಿದ್ದು ತೀರಾ ತಡವಾಗಿ. ಇಲ್ಲಿ ಕಾದಾಟದ ವಿಮಾನಕ್ಕೆ ಮಹಿಳೆಯರನ್ನು ಬಿಟ್ಟಿದ್ದು 1993ರಲ್ಲಿ!

ಸ್ಫೂರ್ತಿ_ದಾವಣಗೆರೆ
ಟಾಯ್ಲೆಟ್ ಇಲ್ಲ ಅಂತ ನೀರು ಕುಡಿಯದೆ ಇರೋದಕ್ಕೆ ಫೈಟರ್ ಪೈಲಟ್ ಆಗಬೇಕಾ? ನಮ್ಮ ಸರ್ಕಾರಿ ಶಾಲೆ ಟೀಚರ್‌ಗಳನ್ನ ಕೇಳಿ.

ನನ್ನ ಪ್ರಶ್ನೆ ಬೇರೆ. ಪೀರಿಯಡ್ಸ್ ಸಮಯದಲ್ಲಿ? ಕೇಳೋದಕ್ಕೆ ಯಾರಿಗೂ ಬಾಯಿ ಬರ್ತಿಲ್ಲ, ನಾನೇ ಕೇಳ್ತೀನಿ.

ಮೈಸೂರು_ಡಾಕ್ಟರ್
ಕೇಳಿದ್ದು ಒಳ್ಳೇದಾಯ್ತು. ಅದೇ 1986ರ ಅಧ್ಯಯನದಲ್ಲಿ 88 ಮಹಿಳೆಯರ ಅಳತೆಗಳನ್ನು ಮುಟ್ಟಿನ ದಿನಗಳ ಜೊತೆ ಹೊಂದಿಸಿ ನೋಡಿದ್ದಾರೆ. ಪರಿಣಾಮ ಏನೂ ಕಾಣಲಿಲ್ಲ. ಹೊಟ್ಟೆನೋವು, ನಿದ್ದೆ ಇಲ್ಲದ ಸುಸ್ತು ಇದ್ದರೆ ಅದು ಬೇರೆ ಮಾತು, ಜ್ವರ ಬಂದ ಗಂಡಸೂ ಆ ದಿನ ಹಾರಬಾರದು. ರಕ್ತಹೀನತೆ ಇದ್ದರೆ ಆಯ್ಕೆಯ ಹಂತದಲ್ಲೇ ಸಿಕ್ಕಿಬೀಳುತ್ತೆ. ಇದನ್ನ ಸುಮ್ನೆ ಹೇಳ್ತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಜನಕ್ಕೆ ರಕ್ತಹೀನತೆ ಇತ್ತು. ಅನು, ನೀನು ಮೊದಲು ಹಿಮೋಗ್ಲೋಬಿನ್ ನೋಡಿಸು.

ಇನ್ನೊಂದು ವಿಷಯ, ಇದೂ ಹೇಳಲೇಬೇಕಾದ್ದು. ಸಾರ್ಜೆಂಟ್ ಅವರು ಹೇಳಿದ ಹಾಗೆ ಹೊಟ್ಟೆ ಬಿಗಿ ಹಿಡಿದು ಒತ್ತಿದಾಗ ಆ ಒತ್ತಡ ಕೆಳಗೂ ಹೋಗುತ್ತೆ. ಕೆಲವು ಮಹಿಳೆಯರಿಗೆ ಆಗ ಮೂತ್ರ ಸ್ವಲ್ಪ ಸೋರುತ್ತೆ. ಹೆರಿಗೆ ಆದವರಲ್ಲಿ ಕೆಮ್ಮಿದಾಗ ಆಗುತ್ತಲ್ಲ, ಅದೇ. ನಾಚಿಕೆ ಪಡೋದಕ್ಕೆ ಏನೂ ಇಲ್ಲ. ಕೆಳಹೊಟ್ಟೆಯ ತಳದ ಸ್ನಾಯುಗಳಿಗೆ ಕೆಗೆಲ್ ವ್ಯಾಯಾಮ ಮಾಡಿದರೆ ತುಂಬಾ ಸುಧಾರಿಸುತ್ತೆ. ಯಾರೂ ಹೇಳಿಕೊಡಲ್ಲ, ಅದೇ ತೊಂದರೆ.

ಗಿರೀಶ್_ತುಮಕೂರು
ಸರಿ. ಎಜೆಕ್ಷನ್, ಅಂದ್ರೆ ಅಪಾಯ ಬಂದಾಗ ಸೀಟು ಸಮೇತ ಹೊರಗೆ ಚಿಮ್ಮೋದು, ಅದರ ಬಗ್ಗೆ ಏನಂತೀರಿ? ಅಮೆರಿಕದ ಎಫ್-35 ಫೈಟರ್‌ನಲ್ಲಿ ಹಗುರ ಇರೋರು ಹಾರಿ ಹೊರಗೆ ಬಂದರೆ ಕುತ್ತಿಗೆ ಮುರಿಯುತ್ತೆ ಅಂತ ನಿಷೇಧ ಹಾಕಿದ್ದರಲ್ಲ? ಹೆಂಗಸರ ಕುತ್ತಿಗೆ ಸ್ನಾಯು ಗಂಡಸರಷ್ಟು ಬಲ ಇಲ್ಲ, ಇದನ್ನಾದರೂ ಒಪ್ತೀರಾ?

ಡೇಟನ್_ಕನ್ನಡಿಗ
ಕುತ್ತಿಗೆ ಬಲ ಸರಾಸರಿಯಲ್ಲಿ ಕಡಿಮೆ, ಒಪ್ಪಿದೆ. ಆದ್ರೆ ಆ ನಿಷೇಧದ ಕಥೆ ಪೂರ್ತಿ ಕೇಳಿ. 2015ರಲ್ಲಿ 136 ಪೌಂಡ್‌ಗಿಂತ ಕಡಿಮೆ ತೂಕದವರು, ಅಂದ್ರೆ ಸುಮಾರು 62 ಕೆಜಿಗಿಂತ ಹಗುರ ಇರೋರು, ಎಫ್-35 ಹಾರಿಸಬಾರದು ಅಂದರು. ಗಂಡು ಹೆಣ್ಣು ಅಂತ ಇರಲಿಲ್ಲ, ತೂಕ ಮಾತ್ರ. ಹೆಲ್ಮೆಟ್ ಭಾರ ಇತ್ತು, ಪ್ಯಾರಾಚೂಟ್ ಬಿಚ್ಚಿಕೊಳ್ಳೋ ಹೊತ್ತಿಗೆ ತಲೆ ಹಿಂದಕ್ಕೆ ಎಳೆದ ಹಾಗಾಗ್ತಿತ್ತು. ಆಮೇಲೆ ಏನು ಮಾಡಿದರು? ಹೆಲ್ಮೆಟ್ ಹಗುರ ಮಾಡಿದರು. ತಲೆಗೆ ಆನಿಕೆಯಾಗಿ ಒಂದು ಬಟ್ಟೆಯ ಪಟ್ಟಿ ಹಾಕಿದರು. ಹಗುರ ಇರೋರಿಗೆ ಪ್ಯಾರಾಚೂಟ್ ಸ್ವಲ್ಪ ತಡವಾಗಿ ಬಿಚ್ಚೋ ಹಾಗೆ ಒಂದು ಸ್ವಿಚ್ ಇಟ್ಟರು. 2017ರಲ್ಲಿ ನಿಷೇಧ ತೆಗೆದರು. ಎರಡು ವರ್ಷದಲ್ಲಿ ಹೆಂಗಸರ ಕುತ್ತಿಗೆ ಬೆಳೀಲಿಲ್ಲ ಗಿರೀಶ್, ಸೀಟು ಸರಿಯಾಯ್ತು.

ಕಾಕ್‌ಪಿಟ್ ಕಥೆಯೂ ಇದೇ. ಇಲ್ಲಿನ ಎಷ್ಟೋ ವಿಮಾನಗಳ ಕಾಕ್‌ಪಿಟ್‌ಗೆ ಆಧಾರ 1967ರಲ್ಲಿ ಗಂಡು ಪೈಲಟ್‌ಗಳನ್ನು ಅಳೆದು ಮಾಡಿದ ಪಟ್ಟಿ. 2020ರವರೆಗೂ 5 ಅಡಿ 4 ಇಂಚು ಕನಿಷ್ಠ ಎತ್ತರ ಬೇಕಿತ್ತು, ವಿನಾಯಿತಿ ಕೇಳಬಹುದಿತ್ತು, ಆದ್ರೆ ಎಷ್ಟು ಜನ ಕೇಳ್ತಾರೆ? ಇಲ್ಲಿನ ಇಪ್ಪತ್ತರ ಹರೆಯದ ಹುಡುಗಿಯರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನ ಅದಕ್ಕಿಂತ ಗಿಡ್ಡ. ಡಾಕ್ಟರ್ ಲೆಕ್ಕದ ಪ್ರಕಾರ ಜಿ ಚೆನ್ನಾಗಿ ತಡೆಯೋರು ಇದೇ ಗಿಡ್ಡ ಮೈಯವರು. ಅವರನ್ನೇ ಬಾಗಿಲಲ್ಲಿ ನಿಲ್ಲಿಸಿದ್ದು!

ನಿವೃತ್ತ_ಸಾರ್ಜೆಂಟ್
ಕುತ್ತಿಗೆ ಮಾತು ಬಂತು ಅಂತ ಹೇಳ್ತೀನಿ. ಹೆಲ್ಮೆಟ್ ಮಾಸ್ಕ್ ಸೇರಿ ಎರಡು ಕೆಜಿ ಹತ್ತಿರ. ತಲೆ ನಾಲ್ಕೂವರೆ ಐದು ಕೆಜಿ. 9 ಜಿಯಲ್ಲಿ ಎರಡೂ ಸೇರಿ 60 ಕೆಜಿ ದಾಟ್ತದೆ. ಅದರಲ್ಲೇ ಹಿಂದೆ ಬಾಲದ ಕಡೆ ವೈರಿ ಇದ್ದಾನಾ ಅಂತ ತಿರುಗಿ ನೋಡಬೇಕು. ಕುತ್ತಿಗೆ ನೋವು ಇಲ್ಲದ ಹಳೇ ಫೈಟರ್ ಪೈಲಟ್ ಸಿಗೋದೇ ಅಪರೂಪ, ಎಲ್ಲಾ ಗಂಡಸರೇ ಅವರು. ತಂಗಿ ಅನು, ಈಗಿನಿಂದಲೇ ಕುತ್ತಿಗೆ ವ್ಯಾಯಾಮ ಶುರು ಮಾಡ್ರಿ, ನಿಧಾನಕ್ಕೆ.

ಜಿಮ್_ಮಂಜ
ಜಿಮ್ ಮಾತು ಬಂದ ಮೇಲೆ ನಾನು ಸುಮ್ನಿರಲ್ಲ. ಫೈಟರ್‌ಗೆ ಹೋಗ್ತೀನಿ ಅಂತ ದಿನಾ ಹತ್ತು ಹದಿನೈದು ಕಿಲೋಮೀಟರ್ ಓಡೋರು ಇದ್ದಾರೆ. ಅನು, ಓಡಿ, ಆದರೆ ಅತಿ ಮಾಡಬೇಡಿ. ಮ್ಯಾರಥಾನ್ ಥರ ಓಡೋರಿಗೆ ಹೃದಯದ ಬಡಿತ ತುಂಬಾ ನಿಧಾನ ಆಗಿರುತ್ತೆ, ಜಿ ಬಂದಾಗ ದೇಹ ತಕ್ಷಣ ಬಿಪಿ ಏರಿಸೋದು ತಡ ಆಗಬಹುದು ಅಂತ ಪೈಲಟ್‌ಗಳಿಗೆ ಎಚ್ಚರಿಕೆ ಕೊಡ್ತಾರೆ. ಬೇಕಾಗಿರೋದು ಕಾಲು, ಹಿಂಭಾಗ, ಹೊಟ್ಟೆಯ ಬಲ. ಸ್ಕ್ವಾಟ್, ಡೆಡ್‌ಲಿಫ್ಟ್, ಪ್ಲಾಂಕ್. ತೂಕ ಎತ್ತೋ ತರಬೇತಿ ಮಾಡಿದವರು ಆ ಬಿಗಿ ಹಿಡಿಯೋ ಕೆಲಸವನ್ನು ಜಾಸ್ತಿ ಹೊತ್ತು ಮಾಡಬಲ್ಲರು ಅನ್ನೋದು ಸೆಂಟ್ರಿಫ್ಯೂಜ್‌ನಲ್ಲೇ ಕಂಡಿದ್ದು. ಹುಡುಗಿಯರು ಭಾರ ಎತ್ತಿದ್ರೆ ಗಂಡಸಿನ ಥರ ಆಗ್ತಾರೆ ಅಂತ ಹೇಳೋ ಟ್ರೇನರ್ ಸಿಕ್ಕರೆ ಜಿಮ್ ಬದಲಿಸಿ.

ಅನು_ಹಾಸನ
ಇಷ್ಟೊಂದು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟ್ರೇ, ಮಕ್ಕಳಾಗೋ ವಿಷಯ ಉಳೀತು. ಮನೆಯಲ್ಲಿ ಎಲ್ಲರೂ ಅಲ್ಲಿಗೇ ಬಂದು ನಿಲ್ತಾರೆ.

ಮೈಸೂರು_ಡಾಕ್ಟರ್
ಎರಡು ಬೇರೆ ಬೇರೆ ಪ್ರಶ್ನೆ, ಕಲಸಬೇಡ.

ಒಂದು, ಗರ್ಭಿಣಿ ಇರುವಾಗ ಜಿ ಎಳೆಯಬಹುದಾ? ಬೇಡ. ಹೊಟ್ಟೆ ಚೀಲ ಹಿಂಡುತ್ತೆ, ರಕ್ತದ ಹರಿವು ಬದಲಾಗುತ್ತೆ, ಎಜೆಕ್ಷನ್‌ನ ಏಟು ಬೇರೆ. ಗರ್ಭಿಣಿಯರನ್ನು ಸೆಂಟ್ರಿಫ್ಯೂಜ್‌ನಲ್ಲಿ ಕೂರಿಸಿ ಯಾರೂ ಪರೀಕ್ಷೆ ಮಾಡೋದಿಲ್ಲ, ಮಾಡಲೂಬಾರದು. ಆ ತಿಂಗಳುಗಳಲ್ಲಿ ಫೈಟರ್‌ನಿಂದ ದೂರ ಇರೋದೇ ಸರಿ. ಬೆನ್ನು ಮುರಿದ ಗಂಡು ಪೈಲಟ್ ತಿಂಗಳುಗಟ್ಟಲೆ ನೆಲದ ಮೇಲಿರ್ತಾನೆ, ಅದನ್ನು ಯಾರೂ ಗಂಡಸರ ಕೊರತೆ ಅಂತ ಬರೆಯಲ್ಲ.

ಎರಡು, ಫೈಟರ್ ಹಾರಿಸಿದವರಿಗೆ ಆಮೇಲೆ ಮಕ್ಕಳಾಗಲ್ವಾ? ಆಗುತ್ತೆ. ಅಮೆರಿಕದ ವಾಯುಪಡೆಯ ಮೊದಲ ಮಹಿಳಾ ಫೈಟರ್ ಪೈಲಟ್ ಜೀನಿ ಲೆವಿಟ್‌ಗೆ ಇಬ್ಬರು ಗಂಡುಮಕ್ಕಳು. ಅವರು ಹಾರಿಸಿದ್ದು ಎಫ್-15ಇ, ಆಮೇಲೆ 2012ರಲ್ಲಿ ಒಂದು ಇಡೀ ಫೈಟರ್ ವಿಂಗ್‌ನ ಮುಖ್ಯಸ್ಥೆಯಾದರು. ಅಲ್ಲಿನ ವಾಯುಪಡೆಯ ಹಾರಾಟ ಪ್ರದರ್ಶನ ಮಾಡೋ ಥಂಡರ್‌ಬರ್ಡ್ಸ್ ತಂಡದ ಮೊದಲ ಮಹಿಳಾ ಪೈಲಟ್ ನಿಕೋಲ್ ಮಲಾಚೌಸ್ಕಿಗೆ ಅವಳಿ ಮಕ್ಕಳು. ಗರ್ಭಕೋಶ ಜಾರುತ್ತೆ ಅನ್ನೋದೆಲ್ಲ ನಮ್ಮ ಕಡೆ ಹುಡುಗಿಯರು ಸೈಕಲ್ ತುಳಿದಾಗಲೂ ಹೇಳ್ತಿದ್ದ ಮಾತು.

ಸ್ಫೂರ್ತಿ_ದಾವಣಗೆರೆ
ಆದರೆ ನಮ್ಮಲ್ಲಿ ಮೊದಲ ಮೂವರಿಗೆ ನಾಲ್ಕು ವರ್ಷ ತಾಯಿಯಾಗೋದನ್ನು ಮುಂದೂಡಿ ಅಂತ ಸಲಹೆ ಕೊಟ್ಟಿದ್ದರು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಅದು ಸರೀನಾ?

ನಿವೃತ್ತ_ಸಾರ್ಜೆಂಟ್
ಬಂದಿತ್ತು. ಫೈಟರ್ ತರಬೇತಿ ನಡುವೆ ನಿಲ್ಲಿಸಿದ್ರೆ ಕೈ ತಪ್ತದೆ, ಮತ್ತೆ ಮೊದಲಿಂದ ಶುರು ಮಾಡಬೇಕು, ಅದು ಕಾರಣ. ಸರಿಯೋ ತಪ್ಪೋ ಅಂದ್ರೆ, ಗಂಡುಹುಡುಗರಿಗೆ ಅಪ್ಪ ಆಗಬ್ಯಾಡ್ರಿ ಅಂತ ಯಾರೂ ಹೇಳಿಲ್ಲ, ಅಷ್ಟು ಹೇಳಬಲ್ಲೆ. ಆದರೆ ಇದು ನೌಕರಿಯ ನಿಯಮದ ಮಾತು, ಜಿ ತಡೆಯೋ ಮಾತಲ್ಲ.

ಗಿರೀಶ್_ತುಮಕೂರು
ಸರಿ ಬಿಡಿ. ವೈರಿ ದೇಶದಲ್ಲಿ ಸೆರೆ ಸಿಕ್ಕರೆ ಏನು ಗತಿ ಅಂತ ಯೋಚಿಸಿದ್ದೀರಾ?

ನಿರ್ವಾಹಕ
ಗಿರೀಶ್, ಆ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ. ಇಲ್ಲಿ ದೇಹ ಮತ್ತು ಜಿ ಮಾತ್ರ.

ಡೇಟನ್_ಕನ್ನಡಿಗ
ಒಂದು ಸೇರಿಸ್ತೀನಿ. 2016ರಲ್ಲಿ ಅರಿಜೋನಾದಲ್ಲಿ ತರಬೇತಿಯಲ್ಲಿದ್ದ ಎಫ್-16 ಪೈಲಟ್ ಒಬ್ಬ 8 ಜಿ ದಾಟಿ ಎಳೆದು ಪ್ರಜ್ಞೆ ತಪ್ಪಿದ. ವಿಮಾನ ನೆಲದ ಕಡೆ ನುಗ್ಗಿತು. ನೆಲಕ್ಕೆ ಬಡಿಯದ ಹಾಗೆ ತಾನೇ ಎತ್ತೋ ಸಾಫ್ಟ್‌ವೇರ್ ಇತ್ತು, ಅದು ವಿಮಾನ ಎತ್ತಿ ನಿಲ್ಲಿಸಿತು. ಹುಡುಗ ಬದುಕಿದ. ಅದರ ವಿಡಿಯೋ ನೋಡಿ, ಗುರು ರೇಡಿಯೋದಲ್ಲಿ ಕೂಗ್ತಿರೋದು ಕೇಳಿದ್ರೆ ಮೈ ಜುಂ ಅನ್ನುತ್ತೆ. ಆ ಸಾಫ್ಟ್‌ವೇರ್‌ಗೆ ಸೀಟಿನಲ್ಲಿ ಇರೋದು ಯಾರು ಅಂತ ಗೊತ್ತಿಲ್ಲ, ಗೊತ್ತಾಗಬೇಕಾಗೂ ಇಲ್ಲ.

ನಮ್ಮ ತೇಜಸ್‌ನ ಪೈಲಟ್‌ಗಳ ಆಮ್ಲಜನಕ ವ್ಯವಸ್ಥೆ ಮಾಡಿದ್ದು ಬೆಂಗಳೂರಿನ ಡೆಬೆಲ್ ಪ್ರಯೋಗಾಲಯ. ಮೋಹನಾ ಸಿಂಗ್ 2024ರಲ್ಲಿ ತೇಜಸ್ ಸ್ಕ್ವಾಡ್ರನ್‌ಗೂ ಬಂದರು. ಜಿ-ಸೂಟಿನ ಅಳತೆಪಟ್ಟಿ ಮಾಡೋರು ನಮ್ಮ ಹುಡುಗಿಯರನ್ನೂ ಅಳೆದು ಹೊಲಿದರೆ, ಅಮೆರಿಕದವರು ತಪ್ಪು ಮಾಡಿ ಕಲಿತಿದ್ದನ್ನ ನಾವು ಸುಮ್ನೆ ಕಲೀಬಹುದು.

ಅನು_ಹಾಸನ
ಸಾರ್ಜೆಂಟ್ ಸರ್, ಕೊನೆಯದಾಗಿ ಒಂದು. ನನ್ನ ಎತ್ತರ 164 ಸೆಂ.ಮೀ., ಫ್ಲೈಯಿಂಗ್ ಬ್ರಾಂಚ್‌ಗೆ ಕನಿಷ್ಠ 162.5 ಬೇಕು, ಅದು ಸರಿ. ಕಾಲಿನ ಉದ್ದ ಮಾತ್ರ ಮನೆಯಲ್ಲಿ ಅಳೆದರೆ ಒಮ್ಮೆ 98, ಇನ್ನೊಮ್ಮೆ 101 ಬರುತ್ತೆ. ಯಾವುದು ನಂಬಲಿ?

ನಿವೃತ್ತ_ಸಾರ್ಜೆಂಟ್
ನಿಂತು ಅಳೀಬ್ಯಾಡ್ರಿ. ನೆಲದ ಮೇಲೆ ಗೋಡೆಗೆ ಬೆನ್ನು, ಹಿಂಭಾಗ ಎರಡೂ ಅಂಟಿಸಿ ಕೂಡ್ರಿ. ಮಂಡಿ ನೆಟ್ಟಗೆ ಚಾಚಿ ಗೋಡೆಯಿಂದ ಹಿಮ್ಮಡಿವರೆಗೆ ಅಳೆಸಬೇಕು. ಸೊಂಟ ಮುಂದೆ ಜಾರಿದ್ರೆ ಸುಳ್ಳೇ ಜಾಸ್ತಿ ಬರ್ತದೆ, ನಿಮ್ಮ 101 ಹಂಗೇ ಬಂದಿರಬೇಕು. ಕನಿಷ್ಠ 99, ಹೆಚ್ಚೆಂದ್ರೆ 120. ಪೆಡಲ್‌ಗೆ ಕಾಲು ಎಟುಕಬೇಕಲ್ಲ, ಅದಕ್ಕೆ.

ಅನು_ಹಾಸನ
ತಮ್ಮನ ಕೈಲಿ ಹಾಗೇ ಅಳೆಸಿದೆ. 99.5 ಬಂತು.

ನಿವೃತ್ತ_ಸಾರ್ಜೆಂಟ್
ಸಾಕು ತಂಗಿ. ತೊಡೆಯ ಉದ್ದ 64 ದಾಟಬಾರದು, ಕೂತ ಎತ್ತರ 81.5ರಿಂದ 96ರ ಒಳಗಿರಬೇಕು. ಅವೆರಡೂ ಇವತ್ತೇ ಅಳೆದು ಬರೆದಿಟ್ಟುಕೊಳ್ರಿ.